ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಯುದ್ಧಕ್ಕೆ ಹೋದವರು ಮನೆಗೆ ಬರಲಿಲ್ಲ, ಯಾರನ್ನು ಕೇಳುವುದು?

ಹೋದ ತಿಂಗಳು ಮಾಜಿ ಸೈನಿಕರ ಪಿಂಚಣಿ ಬಗ್ಗೆ ಬರೆಯುವಾಗ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೆ. ನಿಮ್ಮ ಮನೆಯವರು ಯಾರಾದರೂ ಯುದ್ಧದಲ್ಲಿ ಕಾಣೆಯಾಗಿದ್ದರೆ ಬರೆಯಿರಿ ಅಂತ. ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಕೆಲವರು ಐದಾರು ಪುಟ ಬರೆದಿದ್ದಾರೆ, ಕೆಲವರು ಹಳೇ ಫೋಟೋ ಒಂದನ್ನೇ ಕಳಿಸಿ ಸುಮ್ಮನಾಗಿದ್ದಾರೆ. ನಾನು 22 ವರ್ಷ ಸೇನೆಯ ಒಂದು ರೆಕಾರ್ಡ್ ಆಫೀಸಿನಲ್ಲಿ ಗುಮಾಸ್ತನಾಗಿದ್ದವನು. ನೀವು ಬರೆಯುವ ಅರ್ಜಿ ಯಾವ ಮೇಜಿಗೆ ಬರುತ್ತದೆ, ಅಲ್ಲಿಂದ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ.

ನಮ್ಮ ದೊಡ್ಡಪ್ಪ 1971ರ ಡಿಸೆಂಬರ್‌ನಲ್ಲಿ ಪಶ್ಚಿಮ ಗಡಿಯಲ್ಲಿ ಕಾಣೆಯಾದರು. ಮೊದಲು ಕಾಣೆಯಾಗಿದ್ದಾರೆ ಅಂತ ತಂತಿ ಬಂತು. ಕೆಲವು ತಿಂಗಳ ಮೇಲೆ ಸತ್ತಿದ್ದಾರೆಂದು ಭಾವಿಸಲಾಗಿದೆ ಅಂತ ಕಾಗದ ಬಂತು. ದೇಹ ಬರಲಿಲ್ಲ, ಒಂದು ಕರಿ ಟ್ರಂಕ್ ಬಂತು. ದೊಡ್ಡಮ್ಮನಿಗೆ ಎಪ್ಪತ್ತು ದಾಟಿದೆ, ಇವತ್ತಿಗೂ ಬಳೆ ತೆಗೆದಿಲ್ಲ. ದೊಡ್ಡಪ್ಪ ಬದುಕಿದ್ದಾರಾ ಅಂತ ಸರ್ಕಾರಕ್ಕೆ ಐದು ಸಲ ಬರೆದೆವು. ಪ್ರತಿ ಸಲವೂ ಮಾಹಿತಿ ಇಲ್ಲ ಅಂತಲೇ ಉತ್ತರ. ಇನ್ನು ಯಾರಿಗೆ ಬರೆಯಬೇಕು?
(ಬೆಳಗಾವಿ ಜಿಲ್ಲೆಯ ಓದುಗರು)

ತಂಗಿ, ಯಾರಿಗೆ ಬರೆಯಬೇಕು ಅನ್ನುವುದಕ್ಕಿಂತ ಏನಂತ ಬರೆಯಬೇಕು ಅನ್ನುವುದು ಮುಖ್ಯ. ಬದುಕಿದ್ದಾರಾ ಅಂತ ಕೇಳಿದರೆ ಆಫೀಸಿನಲ್ಲಿ ಕೂತವನ ಹತ್ತಿರ ಉತ್ತರ ಇರುವುದಿಲ್ಲ. ಅವನು ಹಿಂದಿನವರು ಬರೆದದ್ದನ್ನೇ ನಕಲು ಮಾಡಿ ಕಳಿಸುತ್ತಾನೆ. ನಾನೂ ಅಂಥ ಉತ್ತರ ಟೈಪ್ ಮಾಡಿದ್ದೇನೆ, ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಆದರೆ 'ಕಾಣೆಯಾದವರು' ಅಂತ ಇದ್ದದ್ದನ್ನು 'ಸತ್ತವರು' ಅಂತ ಬದಲಾಯಿಸಿದ್ದು ಯಾವ ಕಾಗದದ ಆಧಾರದ ಮೇಲೆ, ಯಾವ ತಾರೀಕಿಗೆ, ಯಾರ ಸಹಿಯಲ್ಲಿ ಅಂತ ಕೇಳಿ ನೋಡಿ. ಅದಕ್ಕೆ ಅವನು ಎದ್ದು ಫೈಲು ಹುಡುಕಲೇಬೇಕು. ಕಾಗದ ಇದ್ದರೆ ಕೊಡಬೇಕು, ಇಲ್ಲದಿದ್ದರೆ ಇಲ್ಲ ಅಂತ ಬರೆದುಕೊಡಬೇಕು. ಆಧಾರವಿಲ್ಲದೆ ಒಬ್ಬ ಮನುಷ್ಯನನ್ನು ಸತ್ತವನು ಅಂತ ಬರೆದಿದ್ದರೆ ಅದೇ ಒಂದು ದೊಡ್ಡ ಉತ್ತರ ಅಲ್ವಾ?

ಮೊದಲು ಮನೆಯಲ್ಲಿರುವುದನ್ನು ನೋಡಿ. ಆ ಕರಿ ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಬರೆದಿರುತ್ತದೆ, ಕೊನೆಗೆ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಅದು ಆರ್ಮಿ ನಂಬರು. ಬಣ್ಣ ಎದ್ದಿದ್ದರೆ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ, ಕುಂಚ ಎಳೆದ ಗುರುತು ಕಾಣುತ್ತದೆ. ಟ್ರಂಕಿನ ಜತೆ ಸಾಮಾನಿನ ಒಂದು ಪಟ್ಟಿಯೂ ಬಂದಿರಬೇಕು. ಕಂಬಳಿ ಇಷ್ಟು, ಅಂಗಿ ಇಷ್ಟು, ಕನ್ನಡಿ ಒಂದು, ಮನೆಯ ಪತ್ರಗಳ ಕಟ್ಟು ಒಂದು, ಹೀಗೆ. ಸತ್ತ ಸೈನಿಕನ ಸ್ವಂತ ಸಾಮಾನು ಲೆಕ್ಕ ಹಾಕಲು ಯೂನಿಟ್‌ನಲ್ಲಿ ಕಮಿಟಿ ಆಫ್ ಅಡ್ಜಸ್ಟ್‌ಮೆಂಟ್ ಅಂತ ಕೂರುತ್ತದೆ, ಅವರ ಪಟ್ಟಿ ಅದು. ಅದರ ತಾರೀಕು ನೋಡಿ. ಸರ್ಕಾರ ನಿಮಗೆ ಕಾಗದ ಬರೆಯುವ ಮೊದಲೇ ಯೂನಿಟ್ ಅವರನ್ನು ಲೆಕ್ಕದಿಂದ ತೆಗೆದಿತ್ತಾ ಅನ್ನುವುದು ಆ ತಾರೀಕಿನಿಂದ ಗೊತ್ತಾಗುತ್ತದೆ. ಎಷ್ಟೋ ಮನೆಗಳಲ್ಲಿ ಈ ಪಟ್ಟಿಯನ್ನು ಟ್ರಂಕಿನ ತಳಕ್ಕೆ ಹಾಸಿ, ಮೇಲೆ ಸೀರೆ ಜೋಡಿಸಿಟ್ಟಿರುತ್ತಾರೆ.

ಆಮೇಲೆ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆಯಿರಿ. ಮರಾಠಾ ಲೈಟ್ ಇನ್‌ಫೆಂಟ್ರಿ ಆಗಿದ್ದರೆ ನಿಮ್ಮ ಬೆಳಗಾವಿಯಲ್ಲೇ ಇದೆ. ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಆಗಿದ್ದರೆ ಬೆಂಗಳೂರು. ಸೈನಿಕನ ಸೇವೆಯ ವಿವರ ಬರೆದಿಡುವ ಶೀಟ್ ರೋಲ್‌ನ ನಕಲು ಕೇಳಿ. ಅವರಿಗೆ ಸಂಬಂಧಪಟ್ಟ ಪಾರ್ಟ್ ಟು ಆರ್ಡರ್‌ಗಳನ್ನು ಕೇಳಿ, ಸ್ಥಿತಿ ಬದಲಾದದ್ದು ಅದರಲ್ಲೇ ದಾಖಲಾಗುತ್ತದೆ. ಆ ದಿನಗಳ ಬೆಟಾಲಿಯನ್ ವಾರ್ ಡೈರಿಯ (ಯುದ್ಧದ ದಿನಚರಿ) ಪುಟಗಳನ್ನು ರಕ್ಷಣಾ ಸಚಿವಾಲಯಕ್ಕೆ ಬರೆದು ಕೇಳಿ. ಕೊನೆಯದಾಗಿ ಅವರನ್ನು ನೋಡಿದವರ ಹೇಳಿಕೆ ತೆಗೆದುಕೊಂಡಿದ್ದರೆ ಅದನ್ನೂ ಕೇಳಿ. ವಿದೇಶಾಂಗ ಸಚಿವಾಲಯಕ್ಕೆ ಬೇರೆ ಅರ್ಜಿ ಹಾಕಿ: ಪಾಕಿಸ್ತಾನಕ್ಕೆ ಕೊಟ್ಟ ಯಾವುದಾದರೂ ಪಟ್ಟಿಯಲ್ಲಿ ಇವರ ಹೆಸರು ಇತ್ತಾ, ಇದ್ದರೆ ಯಾವ ವರ್ಷ, ಏನು ಉತ್ತರ ಬಂತು? ಎರಡೂ ಸಚಿವಾಲಯವನ್ನು ಒಂದೇ ಅರ್ಜಿಯಲ್ಲಿ ಸೇರಿಸಬೇಡಿ. ಇದು ಅವರದು ಅಂತ ಇವರು, ಇವರದು ಅಂತ ಅವರು ಹೇಳಿ ಆರು ತಿಂಗಳು ಕಳೆದುಹೋಗುತ್ತದೆ.

ಕಾಗದ ಕಾಗದವನ್ನು ಬದಲಿಸುತ್ತದೆ ಅನ್ನುವುದಕ್ಕೆ ಮೇಜರ್ ಅಶೋಕ್ ಸೂರಿ ಅವರ ಕತೆ ಸಾಕು. 1971ರಲ್ಲಿ ಅವರು ಹತರಾದರು ಅಂತ ಮನೆಗೆ ತಿಳಿಸಿದ್ದರು. 1974ರ ಡಿಸೆಂಬರ್ ಕೊನೆಯಲ್ಲಿ ತಂದೆಗೆ ಮಗನ ಕೈಬರಹದ ಒಂದು ಚೀಟಿ ಬಂತು. 1975ರಲ್ಲಿ ಕರಾಚಿಯಿಂದ ಇನ್ನೊಂದು ಪತ್ರ ಬಂತು. ನಾವು ಇಲ್ಲಿ 20 ಜನ ಅಧಿಕಾರಿಗಳಿದ್ದೇವೆ, ಸರ್ಕಾರವನ್ನು ಸಂಪರ್ಕಿಸಿ ಅಂತ ಅದರಲ್ಲಿತ್ತು. ಬರಹ ಅವರದ್ದೇ ಅಂತ ಖಚಿತವಾದ ಮೇಲೆ ರಕ್ಷಣಾ ಸಚಿವಾಲಯ ಹತರಾದವರು ಅನ್ನುವುದನ್ನು ತೆಗೆದು ಕಾಣೆಯಾದವರು ಅಂತ ತಿದ್ದಿತು. ಅಪ್ಪ ಮಗನಿಗಾಗಿ ಬಾಗಿಲು ಬಾಗಿಲು ಅಲೆದರು, ಮಗ ಬರಲಿಲ್ಲ. ಆದರೂ ಆ ಒಂದು ತಿದ್ದುಪಡಿ ಮಾಡಿಸಿದ್ದು ಸರ್ಕಾರದ ಕರುಣೆಯಲ್ಲ, ಅಪ್ಪ ಜೋಪಾನ ಮಾಡಿದ ಒಂದು ಹಾಳೆ.

ಪಾಕಿಸ್ತಾನದ ವಶದಲ್ಲಿದ್ದಾರೆ ಅನ್ನುವ ನಮ್ಮ ಕಾಣೆಯಾದ ಸೈನಿಕರು ಒಂದು ಕಡೆ 54 ಅಂತಾರೆ, ಇನ್ನೊಂದು ಕಡೆ 83 ಅಂತಾರೆ. ಯಾವುದು ಸರಿ?
(ಧಾರವಾಡದ ವಿದ್ಯಾರ್ಥಿ)

ಎರಡೂ ಸರ್ಕಾರದ ಬಾಯಿಂದಲೇ ಬಂದ ಲೆಕ್ಕ. 1979ರಲ್ಲಿ ವಿದೇಶಾಂಗ ರಾಜ್ಯ ಸಚಿವರು ಲೋಕಸಭೆಯಲ್ಲಿ ಕೊಟ್ಟ ಪಟ್ಟಿಯಲ್ಲಿ 40 ಹೆಸರಿದ್ದವು. ಆಮೇಲೆ ಅದು 54 ಆಯಿತು, 'ಮಿಸ್ಸಿಂಗ್ 54' ಅನ್ನುವ ಹೆಸರೇ ಅಂಟಿಕೊಂಡಿತು. ಇತ್ತೀಚಿನ ವರ್ಷಗಳಲ್ಲಿ ಸಂಸತ್ತಿನಲ್ಲಿ ಹೇಳುತ್ತಿರುವುದು 83. ಅದರಲ್ಲಿ 62 ಮಂದಿ ಯುದ್ಧಕೈದಿಗಳು. ಇವರೆಲ್ಲ ಪಾಕಿಸ್ತಾನದ ವಶದಲ್ಲಿದ್ದಾರೆ ಅಂತ ನಂಬಲಾಗಿದೆ, ಆದರೆ ಆ ದೇಶ ಒಪ್ಪಿಕೊಂಡಿಲ್ಲ ಅಂತ ನಮ್ಮ ಸರ್ಕಾರದ ಉತ್ತರ. 1965 ಮತ್ತು 1971ರ ಯುದ್ಧ ಬಿಟ್ಟು ಆಮೇಲೆ ಕಾಣೆಯಾದವರೂ ಇದ್ದಾರೆ. ಕ್ಯಾಪ್ಟನ್ ಸಂಜಿತ್ ಭಟ್ಟಾಚಾರ್ಜಿ 1997ರ ಏಪ್ರಿಲ್‌ನಲ್ಲಿ ಕಛ್‌ನ ರಣ್ ಗಡಿಯಲ್ಲಿ ಗಸ್ತಿಗೆ ಹೋದವರು. ಅವರ ತಾಯಿ 81ನೇ ವಯಸ್ಸಿನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದರು. ಆ ವಯಸ್ಸಿಗೆ ನಮ್ಮ ಮನೆಯ ಹಿರಿಯರನ್ನು ನಾವು ಬ್ಯಾಂಕಿಗೂ ಒಬ್ಬರನ್ನೇ ಕಳಿಸುವುದಿಲ್ಲ.

ನನಗನ್ನಿಸುವುದು ಇಷ್ಟು. ಸಂಖ್ಯೆ ಬದಲಾದಾಗ ಯಾವ ಹೆಸರು ಸೇರಿತು, ಯಾಕೆ ಸೇರಿತು ಅಂತ ಆಯಾ ಮನೆಯವರಿಗೆ ಬರವಣಿಗೆಯಲ್ಲಿ ತಿಳಿಸಬೇಕಿತ್ತು.

1971ರಲ್ಲಿ ಪಾಕಿಸ್ತಾನದ 93,000 ಜನ ನಮ್ಮ ಕೈಯಲ್ಲಿದ್ದರು. ನಮ್ಮವರನ್ನು ಲೆಕ್ಕ ಮಾಡಿ ತೆಗೆದುಕೊಳ್ಳದೆ ಅವರನ್ನು ಯಾಕೆ ಬಿಟ್ಟೆವು?
(ದಾವಣಗೆರೆಯ ಮಾಜಿ ಹವಾಲ್ದಾರ್)

ಹವಾಲ್ದಾರ್ ಸಾಹೇಬರೇ, ನಿಮ್ಮ ಪತ್ರದಲ್ಲಿ ಪೆನ್ನು ಕಾಗದ ಹರಿಯುವಷ್ಟು ಒತ್ತಿದೆ. ಆ ಸಿಟ್ಟು ನನಗೂ ಇದೆ. ಆದರೆ ತಾರೀಕುಗಳನ್ನು ಸಾಲಾಗಿ ಇಟ್ಟು ನೋಡಿದರೆ ಬೇರೇನೋ ಕಾಣುತ್ತದೆ. 1971ರ ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಶರಣಾಗತಿ. ಸೈನಿಕರು, ಅರೆಸೇನಾ ಪಡೆಯವರು, ನಾಗರಿಕರು ಎಲ್ಲ ಸೇರಿ ಆ 93,000. 1972ರ ಜುಲೈ 2ಕ್ಕೆ ಶಿಮ್ಲಾ ಒಪ್ಪಂದ. ಪಶ್ಚಿಮ ಗಡಿಯ ಕೈದಿಗಳ ವಿನಿಮಯ 1972ರ ಡಿಸೆಂಬರ್‌ನಲ್ಲಿ ಆಯಿತು, ನಮ್ಮ ಆರುನೂರಕ್ಕೂ ಹೆಚ್ಚು ಜನ ವಾಘಾ ಮೂಲಕ ಬಂದರು. ಆಗ ಪಾಕಿಸ್ತಾನ ಇಷ್ಟೇ ಜನ ಅಂದಿತು. ಪೂರ್ವದಲ್ಲಿ ಶರಣಾದವರ ವಿಷಯ ಬಾಂಗ್ಲಾದೇಶಕ್ಕೂ ಸೇರಿದ್ದರಿಂದ ಎಳೆದಾಡಿತು. 1973ರ ಆಗಸ್ಟ್‌ನ ದೆಹಲಿ ಒಪ್ಪಂದದ ಮೇಲೆ ವಾಪಸಾತಿ ಶುರುವಾಗಿ 1974ರ ಏಪ್ರಿಲ್ ಕೊನೆಗೆ ಕಡೆಯ ತಂಡ, ಢಾಕಾದಲ್ಲಿ ಶರಣಾದ ಜನರಲ್ ನಿಯಾಜಿ ಸಮೇತ, ಗಡಿ ದಾಟಿತು.

ಮೇಜರ್ ಸೂರಿ ಅವರ ಮೊದಲ ಚೀಟಿ ಮನೆಗೆ ಬಂದದ್ದು ಯಾವಾಗ? 1974ರ ಡಿಸೆಂಬರ್. ಕೊನೆಯ ರೈಲು ಹೋಗಿ ಎಂಟು ತಿಂಗಳ ಮೇಲೆ.

ಆದರೂ ಅದಕ್ಕೆ ಮೊದಲೇ ಸುಳಿವು ಇರಲಿಲ್ಲ ಅಂತಲ್ಲ. ಫ್ಲೈಟ್ ಲೆಫ್ಟಿನೆಂಟ್ ವಿಜಯ್ ವಸಂತ್ ತಾಂಬೆ ಅವರ ವಿಮಾನ ಬಿದ್ದದ್ದು 1971ರ ಡಿಸೆಂಬರ್ 5ರಂದು. ಸೆರೆಸಿಕ್ಕ ಪೈಲಟ್‌ಗಳ ಹೆಸರು ಅಂತ ಪಾಕಿಸ್ತಾನದ ಪತ್ರಿಕೆಯೊಂದರಲ್ಲೇ ಅವರ ಹೆಸರು, ಸ್ವಲ್ಪ ಅಕ್ಷರ ತಪ್ಪಾಗಿ, ಅಚ್ಚಾಗಿತ್ತು. ಅವರ ಹೆಂಡತಿ ದಮಯಂತಿ ತಾಂಬೆ ಬ್ಯಾಡ್ಮಿಂಟನ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್, ಅರ್ಜುನ ಪ್ರಶಸ್ತಿ ಪಡೆದವರು. ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ. ಬದುಕಿನ ಉಳಿದದ್ದನ್ನೆಲ್ಲ ಆ ಪತ್ರಿಕೆಯ ತುಂಡನ್ನು ಹಿಡಿದು ಕೇಳುವುದರಲ್ಲೇ ಕಳೆದರು. 1971ರ ಡಿಸೆಂಬರ್ 27ರ 'ಟೈಮ್' ಪತ್ರಿಕೆಯಲ್ಲಿ ಕಂಬಿಯ ಹಿಂದೆ ನಿಂತ ಭಾರತೀಯ ಕೈದಿಯೊಬ್ಬರ ಫೋಟೋ ಬಂತು, ಅದು ಮೇಜರ್ ಎ.ಕೆ. ಘೋಷ್ ಅಂತ ಮನೆಯವರು ಗುರುತಿಸಿದರು. ಇದೆಲ್ಲ ಕೈಯಲ್ಲಿದ್ದಾಗ ಹೆಸರು ಹೆಸರು ಹಿಡಿದು ಕೇಳಬೇಕಿತ್ತು. ಅಲ್ಲಿ ತಪ್ಪಿದ್ದೇವೆ ಅಂತಲೇ ನನ್ನ ಅಭಿಪ್ರಾಯ.

1983ರಲ್ಲಿ ಕಾಣೆಯಾದವರ ಮನೆಯವರಲ್ಲಿ ಕೆಲವರನ್ನು ಪಾಕಿಸ್ತಾನದ ಮುಲ್ತಾನ್ ಜೈಲಿಗೆ ಕರೆದುಕೊಂಡು ಹೋದರು. 2007ರಲ್ಲಿ 14 ಜನ ಬಂಧುಗಳು ಅಲ್ಲಿನ 10 ಜೈಲು ನೋಡಿ ಬಂದರು. ಯಾರೂ ಸಿಗಲಿಲ್ಲ. ಇನ್ನೊಂದು ಮಾತು, ನಿಮಗೆ ಇಷ್ಟವಾಗದೆ ಹೋಗಬಹುದು: ಪಾಕಿಸ್ತಾನವೂ 2024ರ ಜುಲೈನಲ್ಲಿ ತನ್ನ 38 ಜನರ ಪಟ್ಟಿ ಕೊಟ್ಟು, ಇವರು 1965 ಮತ್ತು 1971ರಿಂದ ಭಾರತದ ವಶದಲ್ಲಿದ್ದಾರೆ ಅಂತ ನಂಬಿದ್ದೇವೆ ಎಂದಿತು. ಅಲ್ಲಿಯೂ ಯಾರದೋ ಮನೆಯಲ್ಲಿ ಒಂದು ಟ್ರಂಕ್ ಇದೆ. ನಾವು ನಮ್ಮ ದಾಖಲೆ ಬಿಚ್ಚಿ ತೋರಿಸಿದರೆ ಅವರದ್ದನ್ನು ಬಿಚ್ಚಿ ಅಂತ ಗಟ್ಟಿಯಾಗಿ ಕೇಳಬಹುದು.

ಅಂತರರಾಷ್ಟ್ರೀಯ ಕೋರ್ಟಿಗೆ ಹೋಗಬಹುದಲ್ವಾ? ಪಾಕಿಸ್ತಾನ ಸೆರೆಹಿಡಿದ ಕುಲಭೂಷಣ್ ಜಾಧವ್ ವಿಷಯದಲ್ಲಿ ಹೋದೆವಲ್ಲ.
(ಮಂಗಳೂರಿನ ಓದುಗರು)

ಹೋಗಿ ಅಂತ ಗುಜರಾತ್ ಹೈಕೋರ್ಟ್ 2011ರಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟ್ 2012ರಲ್ಲಿ ಅದಕ್ಕೆ ತಡೆ ಕೊಟ್ಟಿತು. ತೊಡಕು ಇರುವುದು ಇಲ್ಲಿ: ಪಾಕಿಸ್ತಾನವೂ ಸೇರಿರುವ ಕಾಮನ್‌ವೆಲ್ತ್ ದೇಶಗಳ ಜತೆಗಿನ ಜಗಳ ಆ ಕೋರ್ಟಿನ ವ್ಯಾಪ್ತಿಗೆ ಬರುವುದಿಲ್ಲ ಅಂತ ಭಾರತ 1974ರಲ್ಲೇ ಬರೆದುಕೊಟ್ಟಿದೆ. ತನ್ನ ನೌಕಾಪಡೆಯ ವಿಮಾನ ಉರುಳಿಸಿದ್ದಕ್ಕೆ ಪಾಕಿಸ್ತಾನ ನಮ್ಮ ಮೇಲೆ ಹೂಡಿದ ಕೇಸು 2000ದಲ್ಲಿ ಬಿದ್ದುಹೋದದ್ದೂ ಇದೇ ಮಾತಿನ ಮೇಲೆ. ಜಾಧವ್ ಕೇಸು ನಿಂತದ್ದು ದೂತಾವಾಸದ ಸಂಪರ್ಕ ಕುರಿತ ವಿಯೆನ್ನಾ ಒಪ್ಪಂದಕ್ಕೆ ಜೋಡಿಸಿದ ಒಂದು ಪ್ರತ್ಯೇಕ ಕರಾರಿನಿಂದ. ಯುದ್ಧಕೈದಿಗಳ ಜಿನೀವಾ ಒಪ್ಪಂದಕ್ಕೆ ಅಂಥ ಕರಾರು ಇಲ್ಲ. ಹಾಗಾಗಿ ಈ ದಾರಿ ಸದ್ಯಕ್ಕೆ ಕಷ್ಟ.

ನಾವು ವಿರಾಜಪೇಟೆ ಕಡೆಯವರು. ಸ್ಕ್ವಾಡ್ರನ್ ಲೀಡರ್ ದೇವಯ್ಯನವರಿಗೆ ಮಹಾವೀರ ಚಕ್ರ ಬರಲು 23 ವರ್ಷ ಯಾಕೆ ಬೇಕಾಯಿತು ಅಂತ ನಮ್ಮ ಮಕ್ಕಳು ಕೇಳುತ್ತಾರೆ.
(ಕೊಡಗಿನ ಓದುಗರು)

ಮಕ್ಕಳಿಗೆ ಇದನ್ನು ನಿಧಾನವಾಗಿ ಕೂರಿಸಿ ಹೇಳಿ, ಯಾಕೆಂದರೆ ಇಡೀ ವಿಷಯದ ತಿರುಳು ಇದರಲ್ಲೇ ಇದೆ.

ಅಜ್ಜಮಾಡ ಬೊಪ್ಪಯ್ಯ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದರು. ಅವರು ಹೊರಡಬೇಕಾದ ಹನ್ನೆರಡು ಜನರಲ್ಲಿ ಇರಲಿಲ್ಲ, ಯಾರಾದರೂ ತಪ್ಪಿದರೆ ಇರಲಿ ಅಂತ ಇಟ್ಟುಕೊಂಡಿದ್ದ ಪೈಲಟ್. ಹಾರಿಸುತ್ತಿದ್ದದ್ದು ಮಿಸ್ಟೇರ್ ಅನ್ನುವ ಯುದ್ಧವಿಮಾನ, ಎದುರಾದದ್ದು ಅದಕ್ಕಿಂತ ಎಷ್ಟೋ ವೇಗದ, ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನ. ಅವರು ವಾಪಸ್ ಬರಲಿಲ್ಲ. ನಮ್ಮ ಕಡೆ ಏನಾಯಿತು ಅಂತ ನೋಡಿದವರು ಒಬ್ಬರೂ ಇರಲಿಲ್ಲ, ದಾಖಲೆಯಲ್ಲಿ ಕಾಣೆಯಾದವರು ಅಂತ ಉಳಿದರು. 1979ರ ಸುಮಾರಿಗೆ ಒಬ್ಬ ಬ್ರಿಟಿಷ್ ಲೇಖಕ ಪಾಕಿಸ್ತಾನದ ವಾಯುಪಡೆಯ ಕಡೆಯಿಂದ ಆ ಯುದ್ಧದ ಬಗ್ಗೆ ಬರೆದಾಗ, ಅಲ್ಲಿ ಆ ದಿನ ಒಂದು ಸ್ಟಾರ್‌ಫೈಟರ್ ಭಾರತದ ಮಿಸ್ಟೇರ್‌ನ ಗುಂಡಿಗೆ ಬಿದ್ದಿತ್ತು ಅನ್ನುವುದು ಹೊರಬಂತು. ಆ ಮಿಸ್ಟೇರ್ ನಮ್ಮ ದೇವಯ್ಯನವರದ್ದು. ಆ ದಾಳಿಯ ನಾಯಕರಾಗಿದ್ದ ತನೇಜಾ ಅವರು ಇದನ್ನು ಹಿಡಿದು ಸರ್ಕಾರಕ್ಕೆ ಬರೆದರು. 1988ರಲ್ಲಿ ಮಹಾವೀರ ಚಕ್ರ ಬಂತು. ಉತ್ತರ ಬಂದದ್ದು ನಮ್ಮ ಯಾವ ಆಫೀಸಿನಿಂದಲೂ ಅಲ್ಲ, ಎದುರಾಳಿಯ ದಾಖಲೆಯಿಂದ. ಅವರ ದಾಖಲೆಯಲ್ಲಿ ಇನ್ನೂ ಎಷ್ಟು ಮನೆಯ ಉತ್ತರಗಳು ಕೂತಿವೆಯೋ ಅನ್ನಿಸುತ್ತದೆ.

ಅದೇ ತಿಂಗಳು ಇನ್ನೊಬ್ಬ ಕೊಡವ ಪೈಲಟ್ ವಿಮಾನ ಬಿದ್ದು ಪಾಕಿಸ್ತಾನದಲ್ಲಿ ಸೆರೆಸಿಕ್ಕರು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ಕೆ.ಸಿ. ಕಾರ್ಯಪ್ಪ, ಸೆಪ್ಟೆಂಬರ್ 22ರಂದು. ಹೆಸರು ಕೇಳಿದ ಕೂಡಲೇ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಕಡೆಯಿಂದ ಬಿಡುತ್ತೇವೆ ಅನ್ನುವ ಮಾತು ಬಂತು. ಅಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಇವನೊಬ್ಬನಿಗೆ ರಿಯಾಯಿತಿ ಬೇಡ ಅಂದರು ಅಪ್ಪ. ಮಗ ಮಿಕ್ಕವರ ಜತೆಯೇ 1966ರ ಜನವರಿಯಲ್ಲಿ ಬಂದರು. ಹಿರಿಯರ ದೊಡ್ಡತನ ಎಲ್ಲರಿಗೂ ಗೊತ್ತು. ನಾನು ಹೇಳುವುದು ಬೇರೆ: ಆ ಹುಡುಗನ ಹೆಸರು ಮೊದಲ ದಿನವೇ ಹೊರಬಂದಿತ್ತು. 2019ರಲ್ಲಿ ಪಾಕಿಸ್ತಾನದಲ್ಲಿ ಸೆರೆಸಿಕ್ಕ ಪೈಲಟ್ ಅಭಿನಂದನ್ ಅವರ ಮುಖ ಫೆಬ್ರವರಿ 27ರಂದೇ ಜಗತ್ತಿಗೆಲ್ಲ ಕಂಡಿತು, ಮಾರ್ಚ್ 1ಕ್ಕೆ ವಾಘಾ ದಾಟಿದರು. ಜಿನೀವಾ ಒಪ್ಪಂದದ 70ನೇ ವಿಧಿ ಇದಕ್ಕೇ ಇರುವುದು. ಸೆರೆಸಿಕ್ಕವನು ಶಿಬಿರ ಸೇರಿದ ಒಂದು ವಾರದೊಳಗೆ ಮನೆಗೂ, ಯುದ್ಧಕೈದಿಗಳ ಲೆಕ್ಕ ಇಡುವ ಜಿನೀವಾದ ಕಚೇರಿಗೂ ಒಂದೊಂದು ಕಾರ್ಡ್ ಬರೆಯಲು ಬಿಡಬೇಕು. ಆ ಕಾರ್ಡ್ ಬಂದರೆ ಮನುಷ್ಯ ಲೆಕ್ಕಕ್ಕೆ ಸೇರಿದ. ಬರದಿದ್ದರೆ ಅವನನ್ನು ಹಿಡಿದೇ ಇಲ್ಲ ಅನ್ನುವುದು ಸುಲಭ.

ಆರ್‌ಟಿಐ ಹಾಕಿದೆ. 8(1)(ಎ) ಪ್ರಕಾರ ಕೊಡಲು ಬರುವುದಿಲ್ಲ ಅಂತ ಒಂದೇ ಸಾಲಿನ ಉತ್ತರ ಬಂದಿದೆ.
(ಹಾವೇರಿಯ ಓದುಗರು)

ಅಲ್ಲಿಗೇ ಬಿಡಬೇಡಿ. ದೇಶದ ಭದ್ರತೆ, ವಿದೇಶಗಳ ಜತೆಗಿನ ಸಂಬಂಧ, ಇವು ಆ ಕಲಂನಲ್ಲಿ ಬರುತ್ತವೆ. 20 ವರ್ಷ ಹಳೆಯ ವಿಷಯ ಕೊಡಲೇಬೇಕು ಅಂತ 8(3) ಹೇಳುತ್ತದೆ ನಿಜ, ಆದರೆ ಈ (ಎ)ಗೆ ಅದು ಅನ್ವಯಿಸುವುದಿಲ್ಲ. ಬಹಳ ಜನ ಇಲ್ಲಿ ಎಡವುತ್ತಾರೆ. ನೀವು ಹಿಡಿಯಬೇಕಾದದ್ದು 8(2): ಜನಹಿತ ದೊಡ್ಡದಾಗಿದ್ದರೆ ತಡೆ ಇದ್ದರೂ ಕೊಡಬಹುದು. ಮತ್ತು 10ನೇ ಕಲಂ: ಗುಟ್ಟಿನ ಭಾಗ ಮುಚ್ಚಿ ಮಿಕ್ಕದ್ದನ್ನು ಕೊಡಿ. ವಾರ್ ಡೈರಿಯಲ್ಲಿ ಬೇರೆಯವರ ಹೆಸರು ಮಸಿ ಹಾಕಿ ಮುಚ್ಚಲಿ, ನಮ್ಮವರ ಸಾಲು ಕೊಡಲಿ ಅಂತ ಬರೆಯಿರಿ. ಯಾಕೆ ಕೊಡುವುದಿಲ್ಲ ಅಂತ ಸಮರ್ಥಿಸಿಕೊಳ್ಳುವ ಹೊಣೆ ಕಾನೂನಿನ ಪ್ರಕಾರ ಅವರದ್ದು.

ಉತ್ತರ ಬಂದ 30 ದಿನದೊಳಗೆ ಮೊದಲ ಮೇಲ್ಮನವಿ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ. ಅಲ್ಲಿಯೂ ಆಗದಿದ್ದರೆ 90 ದಿನದೊಳಗೆ ಕೇಂದ್ರ ಮಾಹಿತಿ ಆಯೋಗಕ್ಕೆ. ರಾ, ಐಬಿ, ಬಿಎಸ್‌ಎಫ್ ಇವುಗಳಿಗೆ ಈ ಕಾಯ್ದೆಯಿಂದ ವಿನಾಯಿತಿ ಇದೆ, ಆದರೆ ಭೂಸೇನೆ, ವಾಯುಪಡೆ, ನೌಕಾಪಡೆ ಆ ಪಟ್ಟಿಯಲ್ಲಿಲ್ಲ. ಯಾರಾದರೂ ಸೇನೆಗೆ ಆರ್‌ಟಿಐ ಇಲ್ಲ ಅಂದರೆ ನಂಬಬೇಡಿ. ಅರ್ಜಿ ಶುಲ್ಕ 10 ರೂಪಾಯಿ. ಕರ್ನಾಟಕದಿಂದ ಹಾಕುವ ಅರ್ಜಿ ಕನ್ನಡದಲ್ಲೇ ಇರಬಹುದು, ಕಾನೂನು ಒಪ್ಪುತ್ತದೆ. ಆದರೂ ದೆಹಲಿಗೆ ಕಳಿಸುವಾಗ ಜತೆಗೊಂದು ಇಂಗ್ಲಿಷ್ ಪ್ರತಿ ಇಟ್ಟರೆ ಕೆಲಸ ಬೇಗ ಆಗುತ್ತದೆ. ನೀವು ಅವರಿಗೆ ಏನಾಗಬೇಕು ಅನ್ನುವುದಕ್ಕೆ ಒಂದು ಪುರಾವೆ ಲಗತ್ತಿಸಿ, ಇಲ್ಲದಿದ್ದರೆ ಖಾಸಗಿ ಮಾಹಿತಿ ಅಂತ ಇನ್ನೊಂದು ಬಾಗಿಲು ಮುಚ್ಚುತ್ತಾರೆ. ಇನ್ನೊಂದು: 25 ವರ್ಷ ದಾಟಿದ ಯುದ್ಧದ ದಾಖಲೆಗಳನ್ನು ಪರಿಶೀಲಿಸಿ ರಾಷ್ಟ್ರೀಯ ಪತ್ರಾಗಾರಕ್ಕೆ ಕೊಡಬೇಕು ಅನ್ನುವ ನೀತಿಯನ್ನು 2021ರ ಜೂನ್‌ನಲ್ಲಿ ರಕ್ಷಣಾ ಸಚಿವಾಲಯವೇ ಒಪ್ಪಿದೆ. ಮೇಲ್ಮನವಿಯಲ್ಲಿ ಅದನ್ನು ನೆನಪಿಸಿ.

ನಮ್ಮಣ್ಣ ಡ್ಯೂಟಿಯಲ್ಲಿದ್ದಾಗ ಕಾಣೆಯಾದ. ಓಡಿಹೋದವನು ಅಂತ ದಾಖಲೆಯಲ್ಲಿ ಬರೆದಿದ್ದಾರೆ. ಊರಲ್ಲಿ ತಲೆ ಎತ್ತುವಂತಿಲ್ಲ.
(ಹೆಸರು ಬೇಡ ಎಂದವರು)

ಕಾರ್ಗಿಲ್ ಮುಗಿದ ಮೇಲೆ 1999ರಲ್ಲಿ ಇಬ್ಬರು ಸೈನಿಕರು, ಜಗಸೀರ್ ಸಿಂಗ್ ಮತ್ತು ಮೊಹಮ್ಮದ್ ಆರಿಫ್, ಗಡಿಯಲ್ಲಿ ಕಾಣೆಯಾದರು. ಓಡಿಹೋದವರು ಅಂತ ಬರೆದರು. 2004ರಲ್ಲಿ ಇಬ್ಬರೂ ಪಾಕಿಸ್ತಾನದ ಜೈಲಿನಿಂದ ಬಿಡುಗಡೆಯಾಗಿ ಬಂದರು. ಅಷ್ಟರಲ್ಲಿ ಆರಿಫ್ ಅವರ ಹೆಂಡತಿಗೆ ಮನೆಯವರು ಬೇರೆ ಮದುವೆ ಮಾಡಿಯಾಗಿತ್ತು, ಆಕೆ ಗರ್ಭಿಣಿ. ಒಂದು ಪದ ತಪ್ಪಾಗಿ ಬರೆದದ್ದಕ್ಕೆ ಆ ಹೆಣ್ಣುಮಗಳು ಎಷ್ಟು ಕಷ್ಟಪಟ್ಟಳು ಅನ್ನುವುದು ದೇಶಕ್ಕೆಲ್ಲ ಗೊತ್ತು. ನಿಮ್ಮಣ್ಣನ ವಿಷಯದಲ್ಲಿ ಕೋರ್ಟ್ ಆಫ್ ಎಂಕ್ವೈರಿ, ಅಂದರೆ ಸೇನೆಯ ಒಳಗಿನ ವಿಚಾರಣೆ, ನಡೆದಿರಲೇಬೇಕು. ಅದರ ನಡಾವಳಿ ನಕಲು ಕೇಳಿ, ಯಾರ ಹೇಳಿಕೆ ಇದೆ ನೋಡಿ. ಊರಿನ ಪೊಲೀಸ್ ಠಾಣೆಯಲ್ಲಿ ಕಾಣೆಯಾದ ದೂರು ಕೊಟ್ಟಿದ್ದೀರಾ? ಕೊಡದಿದ್ದರೆ ಇವತ್ತೇ ಕೊಡಿ. ಪೊಲೀಸರು ಪತ್ತೆಯಾಗಿಲ್ಲ ಅಂತ ವರದಿ ಕೊಡದೆ ಕುಟುಂಬ ಪಿಂಚಣಿಯ ಮಾತೇ ಮುಂದೆ ಹೋಗುವುದಿಲ್ಲ. ಏಳು ವರ್ಷ ಸುದ್ದಿ ಇಲ್ಲದವರನ್ನು ಸತ್ತವರೆಂದು ಭಾವಿಸುವ ನಿಯಮ ಹಳೆಯ ಸಾಕ್ಷ್ಯ ಕಾಯ್ದೆಯ 108ನೇ ಕಲಂನಲ್ಲಿತ್ತು, ಹೊಸದರಲ್ಲೂ ಇದೆ. ಅರ್ಜಿ ಬರೆಯಲು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯವರು ಸಹಾಯ ಮಾಡುತ್ತಾರೆ. ಒಬ್ಬರೇ ಹೋಗಬೇಡಿ, ಒಬ್ಬ ಮಾಜಿ ಸೈನಿಕರನ್ನು ಜತೆಗೆ ಕರೆದುಕೊಂಡು ಹೋಗಿ.

ಐವತ್ತು ವರ್ಷದ ಮೇಲೆ ಏನು ಸಿಗುತ್ತದೆ, ಸುಮ್ನೆ ಬಿಟ್ಟುಬಿಡಿ ಅಂತಾರೆ.
(ಶಿವಮೊಗ್ಗದ ಓದುಗರು)

ಲಾನ್ಸ್ ನಾಯಕ್ ಚಂದ್ರಶೇಖರ್ ಹರ್ಬೋಲಾ 1984ರಲ್ಲಿ ಸಿಯಾಚಿನ್‌ನ ಹಿಮಕುಸಿತದಲ್ಲಿ ಹೋದರು. 2022ರ ಆಗಸ್ಟ್‌ನಲ್ಲಿ ಸಿಕ್ಕರು. ಕೊರಳಿನ ಬಿಲ್ಲೆಯ ಮೇಲಿದ್ದ ಆರ್ಮಿ ನಂಬರು ನೋಡಿ ಗುರುತಿಸಿದರು, 38 ವರ್ಷದ ಮೇಲೆ ಹೆಂಡತಿ ಮಕ್ಕಳು ಅಂತ್ಯಸಂಸ್ಕಾರ ಮಾಡಿದರು. 2016ರಲ್ಲಿ ಚೆನ್ನೈಯಿಂದ ಪೋರ್ಟ್ ಬ್ಲೇರ್‌ಗೆ ಹೋಗುವಾಗ 29 ಜನರ ಜತೆ ಕಾಣೆಯಾದ ಎಎನ್-32 ವಿಮಾನದ ಅವಶೇಷ 2024ರ ಜನವರಿಯಲ್ಲಿ ಸಮುದ್ರದಡಿ 3,400 ಮೀಟರ್ ಆಳದಲ್ಲಿ ಸಿಕ್ಕಿತು. ಎರಡನೇ ಮಹಾಯುದ್ಧದಲ್ಲಿ ಬಿದ್ದ ತಮ್ಮ ವಿಮಾನದವರ ಮೂಳೆ ಹುಡುಕಲು ಅಮೆರಿಕದವರು ನಮ್ಮ ಅರುಣಾಚಲದ ಬೆಟ್ಟಕ್ಕೆ ಬರುತ್ತಾರೆ, 2016ರಲ್ಲಿ ಸಿಕ್ಕಿದ್ದನ್ನು ಗೌರವದಿಂದ ಕೊಂಡುಹೋದರು. ಹುಡುಕಿದರೆ ಸಿಗುತ್ತದೆ. ಮೂಳೆ ಸಿಕ್ಕರೆ ಡಿಎನ್‌ಎ ತಾಳೆ ನೋಡಲು ತಾಯಿ ಕಡೆಯ ಬಂಧುಗಳು ಬೇಕಾಗುತ್ತಾರೆ. ಆ ಕಡೆಯ ಹಿರಿಯರು ಯಾರಿದ್ದಾರೆ ಅಂತ ಈಗಲೇ ಬರೆದಿಡಿ.

ಮುತ್ತಜ್ಜ ಮೈಸೂರು ಮಹಾರಾಜರ ಪಡೆಯಲ್ಲಿದ್ದು ಸಿಂಗಪುರಕ್ಕೆ ಹೋದವರು ಬರಲಿಲ್ಲ.
(ಮಂಡ್ಯದ ಓದುಗರು)

ಮೈಸೂರು ಇನ್‌ಫೆಂಟ್ರಿ ಸಿಂಗಪುರದಲ್ಲಿತ್ತು, 1942ರ ಫೆಬ್ರವರಿ 15ಕ್ಕೆ ಆ ಊರು ಜಪಾನಿಯರ ವಶವಾಯಿತು. ಯುದ್ಧದಲ್ಲಿ ಸತ್ತವರ ಸಮಾಧಿ ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು, ದುಡ್ಡು ಬೇಡ. ಸಮಾಧಿ ಇಲ್ಲದ 24,000ಕ್ಕೂ ಹೆಚ್ಚು ಜನರ ಹೆಸರು ಸಿಂಗಪುರದ ಕ್ರಾಂಜಿ ಸ್ಮಾರಕದ ಕಲ್ಲಿನ ಮೇಲಿದೆ. ಕನ್ನಡದ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕೈದು ಥರ ಬರೆದು ನೋಡಿ.

ನಮ್ಮ ಸೋದರತ್ತೆಗೆ 80. ಅವರ ತಮ್ಮ 1971ರಲ್ಲಿ ಕಾಣೆಯಾದವರು. ಮಹಾಲಯ ಅಮಾವಾಸ್ಯೆಗೆ ಎಲ್ಲ ಹಿರಿಯರಿಗೂ ಎಡೆ ಇಡುತ್ತಾರೆ, ತಮ್ಮನಿಗೆ ಮಾತ್ರ ಇಡಲು ಬಿಡುವುದಿಲ್ಲ. ಆ ದಿನ ಒಂದು ತಟ್ಟೆಯಲ್ಲಿ ಅವನ ಪಾಲು ತೆಗೆದು ಅಡುಗೆಮನೆಯಲ್ಲಿ ಮುಚ್ಚಿಡುತ್ತಾರೆ. ಎಡೆ ಇಡದಿದ್ದರೆ ದೋಷ ಅಂತ ನೆಂಟರು ಜಗಳ ತೆಗೆಯುತ್ತಾರೆ. ಏನು ಮಾಡಲಿ?
(ಹಾಸನ ಜಿಲ್ಲೆಯ ಓದುಗರು)

ಅತ್ತೆ ಮಾಡುತ್ತಿರುವುದೇ ಸರಿ. ಸತ್ತ ಅಂತ ಅವರಿಗೆ ಯಾರೂ ಏನನ್ನೂ ತೋರಿಸಿಲ್ಲ, ಅವರು ಯಾಕೆ ಒಪ್ಪಬೇಕು? ನೆಂಟರಿಗೆ ನೀವೇ ಹೇಳಿ, ಅತ್ತೆಯ ಎದುರು ಆ ಮಾತು ಬೇಡ ಅಂತ.

ನೀವೊಂದು ಕೆಲಸ ಮಾಡಿ. ಹಬ್ಬ ಮುಗಿದ ಮರುದಿನ ಅತ್ತೆಯ ಪಕ್ಕ ಕೂತು, ತಮ್ಮ ಯಾವ ದಿನ ರಜೆ ಮುಗಿಸಿ ಹೊರಟ, ಕೊನೆಯ ಪತ್ರದಲ್ಲಿ ಏನಿತ್ತು, ಮೈಮೇಲೆ ಏನು ಗುರುತಿತ್ತು, ಜತೆಗಾರರು ಯಾರ ಹೆಸರು ಹೇಳುತ್ತಿದ್ದ, ಎಲ್ಲವನ್ನೂ ಅವರ ಬಾಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಹಳೆಯ ತಂತಿಯ ಶಾಯಿ ಮಾಸುತ್ತಿದೆ ಅಂತ ಬರೆದಿದ್ದೀರಿ. ಲ್ಯಾಮಿನೇಶನ್ ಮಾಡಿಸಬೇಡಿ, ಬಿಸಿಗೆ ಉಳಿದದ್ದೂ ಹೋಗುತ್ತದೆ. ನೆರಳಲ್ಲಿಟ್ಟು ಫೋಟೋ ತೆಗೆದು ನನಗೆ ಕಳಿಸಿ, ಅರ್ಜಿ ನಾನು ಬರೆದುಕೊಡುತ್ತೇನೆ.